ಕದ್ದವರು ಕಟ್ಟಿಟ್ಟ ಬುತ್ತಿ

೧೯೮೯ನೇ ಇಸವಿ ಡಿಸೆಂಬರ್ ೧೨, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಸ್ಕಿ ಪೊಲೀಸ್ ಠಾಣೆಗೆ ಇಬ್ಬರು ಬಿಳಿಯರು ಬಂದರು. ಬಾಗಿಲಲ್ಲಿ ಪಹರೆಗಿದ್ದ ಪೇದೆ ಬಾಲಪ್ಪ ಅವರನ್ನು ಕಂಡವನೇ ಸೆಲ್ಯೂಟ್ ಹೊಡೆದ. ಹೊಡೆದ ಮೇಲೆ, ಇವರಿಗೆ ಯಾಕೆ ಹೊಡೆದೆನಪ್ಪಾ ಎಂದು ತಾನೇ ನಾಚಿಕೊಂಡ. ಬಂದವರು ಬರೀ ಫಿರ್ಯಾದಿದಾರರು.

ಒಳಗೆ ಸಬ್‌ಇನ್‌ಸ್ಪೆಕ್ಟರ್ ಅಂಬಪ್ಪ ಅವರನ್ನು ಕೂರಿಸಿದ. ಹೆಡ್ ಕಾನ್‌ಸ್ಟೇಬಲ್ ಇಮಾಮ್‌ಸಾಬ್ ಬರೆಯಲು ಕೂತ. ಅಂಬಪ್ಪ ಬಿ.ಎ. ಪಾಸಾದವನು. ಇಂಗ್ಲಿಷ್ ಕೇಳಿದರೆ ತಿಳಿಯುತ್ತಿತ್ತು; ಮಾತಾಡಲು ಹೋದರೆ ಮಾತ್ರ ಕೆಸರಲ್ಲಿ ಬಂಡಿ ಹೊಡೆದ ಹಾಗಾಗುತ್ತಿತ್ತು. ಹೆಂಗಸಿನ ಹೆಸರು ಹೆಲೆನ್, ಗಂಡ ಪೀಟರ್, ಊರು ಆಸ್ಟ್ರೇಲಿಯಾದ ಪರ್ತ್.

“ಏನು ಕಳುವಾಗಿದೆ?”

“ಒಂದು ಪುಸ್ತಕ.”

“ಹಣ?”

“ಇದೆ.”

“ಕ್ಯಾಮೆರಾ? ಪಾಸ್‌ಪೋರ್ಟ್?”

“ಎಲ್ಲ ಇದೆ. ಪುಸ್ತಕ ಒಂದೇ ಇಲ್ಲ.”

ಇಮಾಮ್‌ಸಾಬ್ ಪೆನ್ನು ಕೆಳಗಿಟ್ಟ. “ಸಾಹೇಬ್ರ, ಒಂದು ಬುಕ್ಕಿಗೆ ಎಫ್.ಐ.ಆರ್. ಹಾಕಬೇಕೇನ್ರಿ?”

ಹೆಲೆನ್ ಹೇಳಿಕೆ ಕೊಟ್ಟಳು. ಎರಡು ವರ್ಷದ ಹಿಂದೆ ಇಬ್ಬರೂ ಹಳೆಯದೊಂದು ವ್ಯಾನು ಕೊಂಡು ಹನ್ನೊಂದು ತಿಂಗಳು ಆಸ್ಟ್ರೇಲಿಯಾದ ಸುತ್ತ ತಿರುಗಿದ್ದರು. ಅಡುಗೆ, ನಿದ್ದೆ ಎಲ್ಲ ವ್ಯಾನಿನಲ್ಲೇ. ದಿನವಿಡೀ ಹೋದರೂ ಒಂದು ಮನೆ ಸಿಗದ ಮರಳುಗಾಡು ಅಲ್ಲಿದೆ. ನಿಂತ ವ್ಯಾನು ಕಂಡರೆ ಬರುವ ವ್ಯಾನು ನಿಲ್ಲಲೇಬೇಕು, ಅದು ಆ ದಾರಿಯ ಪದ್ಧತಿ. ಇವರ ಎಂಜಿನ್ ಕೆಟ್ಟು ಕೂತ ದಿನ, ಹಿಂದೆಂದೂ ಕಾಣದ ಮುದುಕ ಮುದುಕಿ ತಮ್ಮ ವ್ಯಾನಿನಲ್ಲಿದ್ದ ನೀರಿನಲ್ಲಿ ಅರ್ಧ ಕೊಟ್ಟು ಹೋದರು. ಅಂದಿನಿಂದ ದಾರಿಯಲ್ಲಿ ಉಪಕಾರ ಮಾಡಿದ ಪ್ರತಿಯೊಬ್ಬರ ಫೋಟೊವನ್ನು ಆ ಪುಸ್ತಕಕ್ಕೆ ಅಂಟಿಸಿ, ಕೆಳಗೆ ಹೆಸರು, ವಿಳಾಸ, ತಾರೀಖು ಬರೆಯುತ್ತಾ ಬಂದಿದ್ದಳು. ಫೋಟೊ ತೆಗೆದ ಕ್ಷಣವೇ ಹಾಳೆಯ ಮೇಲೆ ಮುಖ ಮೂಡುವ ಕ್ಯಾಮೆರಾ ಅವಳದು. ಆಮೇಲೆ ಇಂಡಿಯಾಕ್ಕೆ ಬಂದು, ಬೊಂಬಾಯಿಯಲ್ಲಿ ಹಳೆಯ ಮೆಟಾಡೋರ್ ವ್ಯಾನು ಕೊಂಡು ತಿರುಗುತ್ತಿದ್ದರು. ಪುಸ್ತಕವೂ ಮುಂದುವರಿದಿತ್ತು.

“ಮನೆಗೆ ಹೋದ ಮೇಲೆ ಅಷ್ಟೂ ಜನಕ್ಕೆ ಕಾಗದ ಬರೆಯಬೇಕು. ನೀರು ಕೊಟ್ಟವರ ವಿಳಾಸವನ್ನೇ ಕಳೆದುಕೊಂಡ ಮೇಲೆ ನಾನು ಎಂಥ ಮನುಷ್ಯಳು?” ಎಂದು ಅವಳು ಅತ್ತಳು.

ಉಂಡ ಮನೆಗೇ ಎರಡು ಬಗೆಯುವವರ ಕೇಸು ಬರೆದು ಬರೆದು ಅಂಬಪ್ಪನ ಕೈ ಸೋತಿತ್ತು. ಉಪಕಾರ ಮರೆತುಹೋದೀತೆಂದು ಅಳುತ್ತ ಠಾಣೆಗೆ ಬಂದವರನ್ನು ಅವನು ಕಂಡಿರಲಿಲ್ಲ. “ಬರಿಯೋ ಇಮಾಮ್‌ಸಾಬ್” ಎಂದ.

“ಬೆಲಿ ಎಷ್ಟು ಬರೀಲಿ ರೀ?”

ಬೆಲೆ ಕಟ್ಟಲಾಗದು ಎಂದಳು ಹೆಲೆನ್. ಕಾಲಂ ಖಾಲಿ ಬಿಡಲು ಬರುವುದಿಲ್ಲ ಎಂದ ಇಮಾಮ್‌ಸಾಬ್. ಕೊನೆಗೆ ಇಪ್ಪತ್ತು ರೂಪಾಯಿ ಎಂದು ಬರೆದು, ಅಪರಾಧ ಸಂಖ್ಯೆ ೮೭/೮೯, ಐ.ಪಿ.ಸಿ. ಕಲಂ ೩೭೯ರಡಿ ಎಫ್.ಐ.ಆರ್. ದಾಖಲಾಯಿತು.

“ಹಂಪಿ ನೋಡಿದವರು ಗೋವಾಕ್ಕೆ ಹೋಗುತ್ತಾರೆ. ನೀವು ಮಸ್ಕಿಗೆ ಯಾಕೆ ಬಂದಿರಿ?” ಅಂಬಪ್ಪ ಕೇಳಿದ.

“ಉತ್ತರದಲ್ಲಿ ನಮಗೆ ಸಹಾಯ ಮಾಡಿದ ಒಬ್ಬ ಈ ಊರಿನ ಹೆಸರು ಹೇಳಿದ. ಅಲ್ಲಿ ಅಶೋಕನ ಕಲ್ಲಿದೆ, ನೋಡಿ ಅಂದ. ಸಿಂಧನೂರಿಗೆ ಬರುವಷ್ಟರಲ್ಲಿ ನನಗೆ ಜ್ವರ. ಮೂರು ದಿನದಿಂದ ಇಲ್ಲೇ ಇದ್ದೇವೆ. ಇವತ್ತು ಹೊರಡಬೇಕಿತ್ತು.”

ಅದನ್ನೂ ಇಮಾಮ್‌ಸಾಬ್ ಬರೆದುಕೊಂಡ.

ಹನ್ನೊಂದೂಕಾಲಿಗೆ ಸ್ಥಳ ಪಂಚನಾಮೆ. ವ್ಯಾನು ಸಿಂಧನೂರು ರಸ್ತೆಯ ಯಂಕಮ್ಮನ ಖಾನಾವಳಿಯ ಪಕ್ಕ, ಬೇವಿನ ಮರದಡಿ ನಿಂತಿತ್ತು. ಎದುರಿನ ಸೈಕಲ್ ಅಂಗಡಿಯ ಅಲ್ಲಾಭಕ್ಷ್ ಒಬ್ಬ ಪಂಚ, ಎಲೆ ಅಡಿಕೆ ಅಂಗಡಿಯವನು ಇನ್ನೊಬ್ಬ. ವ್ಯಾನಿನ ಹಿಂಬಾಗಿಲಿಗೆ ಬೀಗವಿಲ್ಲ, ಹಗ್ಗ ಕಟ್ಟುವುದು ರೂಢಿ. ಬೆಳಿಗ್ಗೆ ಆರಕ್ಕೆ ಗಂಡ ಹೆಂಡಿರು ಅಶೋಕನ ಕಲ್ಲು ನೋಡಲು ಗುಡ್ಡಕ್ಕೆ ಹೋಗಿದ್ದರು. ಎಂಟಕ್ಕೆ ಬಂದರು. ಪುಸ್ತಕ ಇಲ್ಲದ್ದು ತಿಳಿದದ್ದು ಹತ್ತಕ್ಕೆ.

“ಬಂದಾಗ ಹಗ್ಗ ಬಿಚ್ಚಿತ್ತೇ?”

“ಇಲ್ಲ. ನಾವು ಕಟ್ಟಿದ್ದಕ್ಕಿಂತ ಬಿಗಿಯಾಗಿತ್ತು” ಎಂದ ಪೀಟರ್.

“ಹತ್ತು ಗಂಟೆಯವರೆಗೆ ಏನು ಮಾಡಿದಿರಿ?”

“ತಿಂಡಿ ತಿಂದೆವು. ಯಾರೋ ಇಟ್ಟು ಹೋಗಿದ್ದರು.”

“ಎಲ್ಲಿ?”

ಪೀಟರ್ ಹಲಗೆಯ ಮೇಲೆ ಪುಸ್ತಕವಿದ್ದ ಜಾಗವನ್ನೇ ತೋರಿಸಿದ. ತೋರಿಸಿದ ಮೇಲೆ ಅವನ ಮುಖ ಕೆಂಪಾಯಿತು. ಪುಣ್ಯಾತ್ಮ, ಸಾಕ್ಷ್ಯವನ್ನೇ ಚಟ್ನಿಪುಡಿ ಹಚ್ಚಿಕೊಂಡು ತಿಂದಿದ್ದ! ಒಂದು ಬಟ್ಟೆಯ ಗಂಟು ಇನ್ನೂ ಅಲ್ಲೇ ಇತ್ತು. ಎಳ್ಳು ಹಚ್ಚಿದ ಎರಡು ಕಡಕ್ ರೊಟ್ಟಿ ಉಳಿದಿದ್ದವು.

“ಯವ್ವಾ, ಕಳ್ಳ ಬುತ್ತಿ ಕಟ್ಟಿಟ್ಟು ಹೋಗ್ಯಾನ!” ಎಂದು ಅಲ್ಲಾಭಕ್ಷ್ ಬಾಯಿ ತೆರೆದ.

ಬಾಲಪ್ಪ ಬಟ್ಟೆ ಬಿಡಿಸಿದ. ಹಸಿರು ಅಂಚಿನ ಹೊಸ ಕುಬಸದ ಖಣ. ಅದರ ತುದಿಯ ಗಂಟಿನಲ್ಲಿ ಒಂದು ಅರಿಸಿನ ಕೊಂಬು, ಐದು ಅಡಿಕೆ, ಕುಂಕುಮದ ಚೀಟಿ.

“ಸರ್, ಇದು ಬುತ್ತಿ ಅಷ್ಟ ಅಲ್ರಿ. ಈಯಮ್ಮಗ ಉಡಿ ತುಂಬ್ಯಾರ.”

“ಗಂಡಸು ಉಡಿ ತುಂಬತಾನೇನಲೇ?” ಇಮಾಮ್‌ಸಾಬ್ ಕೇಳಿದ.

“ಅದಕ್ಕ ಹೇಳಿದ್ನಿ. ಕಳ್ಳ ಅಲ್ರಿ, ಕಳ್ಳಿ. ಅದೂ ಮುತ್ತೈದಿ.”

ಅಂಬಪ್ಪ ಹೆಲೆನ್ ಕಡೆ ತಿರುಗಿದ. “ಪುಸ್ತಕವನ್ನು ಇಲ್ಲಿ ಯಾವ ಹೆಂಗಸು ನೋಡಿದ್ದಳು?”

ಅವಳು ತಡೆದು ಹೇಳಿದಳು. “ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಪಾರ್ವತೆಮ್ಮ. ಆದರೆ ಅವಳನ್ನು ಸೇರಿಸಬೇಡಿ. ಜ್ವರ ಬಂದಾಗ ನನಗೆ ನುಚ್ಚು ಮಜ್ಜಿಗೆ ಉಣ್ಣಿಸಿದವಳು ಅವಳು. ನಿನ್ನೆ ಸಂಜೆ ಅವಳ ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸಿದೆ. ಪುಟ ತಿರುಗಿಸುತ್ತಾ ಅತ್ತುಬಿಟ್ಟಳು. ನಾವು ಹೊರಡುತ್ತೇವೆಂದು ಅಳುತ್ತಾಳೆ ಎಂದು ತಬ್ಬಿಕೊಂಡೆ.”

“ಯಾವ ಪುಟ ನೋಡಿ ಅತ್ತಳು?”

“ಅದನ್ನು ನಾನು ನೋಡಲಿಲ್ಲ.”

ಹನ್ನೊಂದು ಐವತ್ತಕ್ಕೆ ಖಾನಾವಳಿಯ ಯಂಕಮ್ಮನ ವಿಚಾರಣೆ.

“ಪಾರ್ವತೆಮ್ಮ ಎಲ್ಲಿ?”

“ಮುಂಜಾನಿ ಏಳರ ಬಸ್ಸಿಗೆ ಪಾಮನಕಲ್ಲೂರಿಗೆ ಹೋಗ್ಯಾಳ್ರಿ. ಗಂಡನ ಮನಿಗೆ.”

“ಈ ಖಣ ಯಾರದು?”

ಯಂಕಮ್ಮ ಖಣ ಮುಟ್ಟಿ ನೋಡಿದಳು. “ನಾನೇ ದೀಪಾವಳಿಗೆ ಸಿಂಧನೂರಿಂದ ತಂದು ಆಕಿಗೆ ಕೊಟ್ಟದ್ದು. ಇನ್ನಾ ಹೊಲಿಸಿದ್ದಿಲ್ಲ.” ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿದಳು. “ಸಾಹೇಬ್ರ, ಆಕಿಗೆ ಇವತ್ತ ಏನೂ ಅನಬ್ಯಾಡ್ರಿ. ಆಕಿ ಗಂಡ ದ್ಯಾವಪ್ಪ ಅಪ್ಪನ ಕೂಡ ಜಗಳಾಡಿ ಲಾರಿ ಹತ್ತಿದಾಂವ, ಹನ್ನೆರಡು ವರ್ಷಾತು, ಸುದ್ದಿ ಇಲ್ಲ. ಹನ್ನೆರಡು ವರ್ಷ ಸುದ್ದಿ ಇಲ್ಲಂದ್ರ ಸತ್ತಾಂವ ಅಂತ ಲೆಕ್ಕ ಅಲ್ರಿ? ಇವತ್ತ ಹೊತ್ತು ನೆತ್ತಿಮ್ಯಾಲ ಬಂದಾಗ ಎಲಿ ಗೊಂಬಿ ಸುಟ್ಟು ಆಂವನ ದಿನಾ ಮಾಡ್ತಾರ. ಆಕಿ ಬಳಿ ಒಡೀತಾರ. ಆಂವ ಬದುಕ್ಯಾನ ಅಂತ ಆಕಿ ಬಡಕೊಂಡು ಹೇಳಿದ್ರೂ ಯಾರೂ ಕೇಳಲಿಲ್ಲ.”

ಅಂಬಪ್ಪ ಗಡಿಯಾರ ನೋಡಿದ. ಹನ್ನೆರಡಕ್ಕೆ ಐದು ನಿಮಿಷ. “ಜೀಪ್ ತೆಗಿ ಬಾಲಪ್ಪ, ಜಲ್ದಿ!” ಇಮಾಮ್‌ಸಾಬ್ ಹಿಂದೆ ಹತ್ತಿದ; ಸ್ವತ್ತು ಗುರುತಿಸಲೆಂದು ಹೆಲೆನ್ ಕೂಡ ಹತ್ತಿದಳು. ಕಳುವಿನ ಕೇಸಿಗೆ ಅಷ್ಟು ಅವಸರ ಬೇಕಿರಲಿಲ್ಲ, ಅದು ಅಂಬಪ್ಪನಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಅವನು ನೋಡಿದ್ದು ಸೂರ್ಯನನ್ನೇ.

ಹನ್ನೆರಡು ನಲವತ್ತಕ್ಕೆ ಪಾಮನಕಲ್ಲೂರು. ಮನೆಯ ಮುಂದೆ ಜನ ಸೇರಿದ್ದರು. ಮುತ್ತುಗದ ಎಲೆಯಲ್ಲಿ ಕಟ್ಟಿದ ಆಳೆತ್ತರದ ಗೊಂಬೆಯೊಂದು ಚಾಪೆಯ ಮೇಲೆ ಮಲಗಿತ್ತು. ಪಕ್ಕದ ಬುಟ್ಟಿಯಲ್ಲಿ ಎಡೆಗೆಂದು ಬಡಿದಿಟ್ಟ ಕಡಕ್ ರೊಟ್ಟಿ. ನಡುವೆ ನಲವತ್ತರ ಆಸುಪಾಸಿನ ಹೆಂಗಸು ಎದೆಗೆ ಪುಸ್ತಕ ಅವಚಿಕೊಂಡು ನಿಂತಿದ್ದಳು. ಕೈತುಂಬ ಹಸಿರು ಬಳೆ ಇನ್ನೂ ಇದ್ದವು. ಅಂಬಪ್ಪನಿಗೆ ಹೋದ ಜೀವ ಬಂದಂತಾಯಿತು.

ಪಾರ್ವತೆಮ್ಮ ಖಾಕಿ ಕಂಡು ಹಿಂದೆ ಸರಿಯಲಿಲ್ಲ, ಮುಂದೆ ಬಂದಳು.

“ಕಳುವು ಮಾಡೀನ್ರಿ ಸಾಹೇಬ್ರ, ಕಬೂಲ್ ಅದೀನಿ. ಬೇಡಿ ಆಮ್ಯಾಲ ಹಾಕ್ರಿ. ಮೊದಲ ಈ ಅಕ್ಷರ ಓದಿ ಹೇಳ್ರಿ.”

ಅವಳು ತೆರೆದ ಪುಟದಲ್ಲಿ ಒಬ್ಬ ಗಂಡಸಿನ ಫೋಟೊ. ನರೆತ ಮೀಸೆ, ಮುಂಗೈಯಲ್ಲಿ ಚೇಳಿನ ಹಚ್ಚೆ.

ಮೈದುನ ಮಾನಪ್ಪ ನಡುವೆ ಬಂದ. “ನಮ್ಮಣ್ಣನ ರೀ, ಅದರಾಗ ಸುಳ್ಳಿಲ್ಲ. ಆದ್ರ ತಗದದ್ದು ಯಾವಾಗ? ಐದು ವರ್ಷದ ಹಿಂದ ತಗಿಸಿ ಆಮ್ಯಾಲ ಸತ್ತಿರಬೌದು. ಸಾಲಿ ಮಾಸ್ತರ ರಜಾಮ್ಯಾಲ ಹೋಗ್ಯಾನ. ಇಂಗ್ಲಿಷ್ ಬಲ್ಲವರು ಯಾರದಾರ ಇಲ್ಲಿ?”

ಅಂಬಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಓದಿದ. “ಝಾನ್ಸಿ ಹತ್ತಿರದ ಢಾಬಾ. ನಮ್ಮ ವ್ಯಾನನ್ನು ಹಳ್ಳದಿಂದ ಎಳೆದವನು. ಹೆಸರು ಹೇಳಲಿಲ್ಲ. ನವೆಂಬರ್ ಹನ್ನೊಂದು, ಸಾವಿರದ ಒಂಬೈನೂರ ಎಂಬತ್ತೊಂಬತ್ತು.” ಸುತ್ತ ನೋಡಿ ಮತ್ತೆ ಹೇಳಿದ. “ಹೋದ ತಿಂಗಳ. ಒಂದು ತಿಂಗಳ ಹಿಂದಿಂದು.”

ಹೆಲೆನ್ ಫೋಟೊ ನೋಡಿ ಅಂಬಪ್ಪನ ತೋಳು ಹಿಡಿದಳು. “ಇವನೇ! ಮಸ್ಕಿ, ಮಸ್ಕಿ ಅಂತ ಹೇಳಿದವನು ಇವನೇ. ನಾವು ದಕ್ಷಿಣಕ್ಕೆ ಹೋಗುತ್ತೇವೆ ಅಂದಾಗ ಕಣ್ಣಲ್ಲಿ ನೀರು ತಂದುಕೊಂಡ. ನೀನೂ ಬಾ ಅಂದರೆ ತಲೆ ಅಲ್ಲಾಡಿಸಿದ.”

ಅಂಬಪ್ಪ ಅದನ್ನು ಕನ್ನಡದಲ್ಲಿ ಹೇಳಿದ. ದ್ಯಾವಪ್ಪನ ತಾಯಿ ಗ್ಯಾನಮ್ಮ ಅಲ್ಲಿಯವರೆಗೂ ಗೋಡೆಗೊರಗಿ ಕೂತಿದ್ದಳು. ಎದ್ದು ಬಂದು, ಎಲೆಗೊಂಬೆಯ ದಾರಗಳನ್ನು ಒಂದೊಂದಾಗಿ ಹರಿಯತೊಡಗಿದಳು. ತಡೆಯಲು ಯಾರೂ ಹೋಗಲಿಲ್ಲ. ಮಾನಪ್ಪನೇ ಕೂತು ಜೊತೆಗೆ ಕೈ ಹಾಕಿದ.

ಕಾನೂನು ಕಾನೂನೇ. ಒಂದೂ ಹತ್ತಕ್ಕೆ ಪುಸ್ತಕ ಜಪ್ತಿಯಾಯಿತು, ಪಾರ್ವತೆಮ್ಮನ ದಸ್ತಗಿರಿಯಾಯಿತು. ಹೇಳಿಕೆ ಅಲ್ಲೇ ಕಟ್ಟೆಯ ಮೇಲೆ.

“ಅವರನ್ನ ಕೇಳಬೇಕಿತ್ತಲ್ಲ?”

“ಕೇಳಿದ್ನಿ ರೀ. ಫೋಟೊ ಮ್ಯಾಲ ಕೈಯಿಟ್ಟು ನನ್ನ ಗಂಡ, ನನ್ನ ಗಂಡ ಅಂದ್ನಿ. ಆ ತಾಯಿಗೆ ನನ್ನ ಮಾತು ತಿಳೀಲಿಲ್ಲ. ತಬ್ಬಿಕೊಂಡ್ಳು.”

“ಒಂದು ಹಾಳಿ ಹರಕೊಂಡು ಬಂದಿದ್ರ ಸಾಕಿತ್ತು.”

“ಹರದ ಹಾಳಿ ಯಾರು ನಂಬ್ತಾರ? ಮತ್ತ ಆಕಿ ಬುಕ್ ಹರಿಯಾಕ ನಂಗ ಮನಸಾಗಲಿಲ್ರಿ. ಮಧ್ಯಾಹ್ನದ ಬಸ್ಸಿಗೆ ತಂದು ಅಲ್ಲೇ ಇಡಾಕಿ ಇದ್ನಿ.”

“ಉಡಿ ಯಾಕ ತುಂಬಿದಿ?”

ಪಾರ್ವತೆಮ್ಮ ತನ್ನ ಬಳೆಗಳನ್ನು ನೋಡಿಕೊಂಡಳು. “ಹಿರೇರು ನಂಬದಿದ್ರ? ಮಧ್ಯಾಹ್ನ ಆದಮ್ಯಾಲ ನಾ ಯಾರಿಗೂ ಉಡಿ ತುಂಬಾಕ ಬರ್ತಿದ್ದಿಲ್ಲ. ನನ್ನ ಗಂಡ ಅದಾನ ಅಂತ ತೋರಿಸಿದಾಕಿ ಆಕಿ. ಮುತ್ತೈದಿ ಇರೋದ್ರಾಗ ಆಕಿ ಉಡಿ ತುಂಬಿ ಬಂದ್ನಿ.”

ಇಮಾಮ್‌ಸಾಬ್ ಬರೆಯುವುದನ್ನು ನಿಲ್ಲಿಸಿ ಬಹಳ ಹೊತ್ತು ಪೆನ್ನಿನ ಮೂತಿ ಒರೆಸಿದ. ಅಂಬಪ್ಪ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದ ಮೇಲೆ ಹೆಲೆನ್ ಪಾರ್ವತೆಮ್ಮನ ಪಕ್ಕ ಹೋಗಿ ಕೂತಳು.

ಜೀಪು ಹೊರಡುವಾಗ ಗ್ಯಾನಮ್ಮ ರೊಟ್ಟಿಯ ಬುಟ್ಟಿ ಹೊತ್ತು ಬಂದು ಹತ್ತಿದಳು. “ನೀ ಎಲ್ಲಿಗವ್ವಾ?” ಎಂದ ಅಂಬಪ್ಪ. “ನನ್ನ ಸೊಸಿ ಕೋರ್ಟಿಗೆ ಒಬ್ಬಾಕಿ ಹೋಗಬೇಕೇನೋ ತಮ್ಮಾ?” ಎಂದು ಮುದುಕಿ ಗದರಿದಳು. ಬೆಳಿಗ್ಗೆ ಅದೇ ಸೊಸೆಯ ಬಳೆ ಒಡೆಯಲು ಕಲ್ಲು ತಂದಿಟ್ಟವಳೂ ಇವಳೇ. ಅಂಬಪ್ಪ ಸರಿದು ಜಾಗ ಕೊಟ್ಟ.

ಸಂಜೆ ನಾಲ್ಕೂವರೆಗೆ ಲಿಂಗಸುಗೂರಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಕದ್ದ ಮಾಲಿನ ಬೆಲೆ ಇನ್ನೂರೈವತ್ತು ರೂಪಾಯಿ ಮೀರದಿದ್ದರೆ, ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಲು ಬರುತ್ತಿತ್ತು. ಇಮಾಮ್‌ಸಾಬ್ ಬರೆದ ಇಪ್ಪತ್ತು ರೂಪಾಯಿ ಆಗ ಕೆಲಸಕ್ಕೆ ಬಂತು. ಫಿರ್ಯಾದಿ ರಾಜಿಗೆ ಒಪ್ಪಿದಳು, ಆರೋಪಿ ಬಿಡುಗಡೆಯಾದಳು. ಹದಿನೇಳು ವರ್ಷದ ನೌಕರಿಯಲ್ಲಿ ದಸ್ತಗಿರಿಯಾದವರು ತನಗೆ ಕೈಮುಗಿದು “ನಿಮ್ಮ ಉಪಕಾರ ಮರಿಯಂಗಿಲ್ಲ” ಎಂದದ್ದನ್ನು ಅಂಬಪ್ಪ ಕೇಳಿದ್ದು ಅದೊಂದೇ ಸಲ. ಝಾನ್ಸಿ ಪೊಲೀಸರಿಗೆ ವಯರ್‌ಲೆಸ್ ಕಳಿಸಲೇ ಎಂದು ಅವನು ಕೇಳಿದ. ಪಾರ್ವತೆಮ್ಮ ಬೇಡವೆಂದಳು. “ಪೊಲೀಸ್ರು ಹೋದ್ರ ಹೆದರಿ ಮತ್ತ ಓಡ್ತಾನ್ರಿ. ಬದುಕ್ಯಾನಲ್ಲ, ಇವತ್ತಿಗೆ ಸಾಕು.”

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಅಂಬಪ್ಪ ಹೀಗೆ ಬರೆದ: ‘ಗಂಡ ಬದುಕಿರುವನೆಂದು ಹಿರಿಯರಿಗೆ ತೋರಿಸುವುದು. ವೈಯಕ್ತಿಕ ಲಾಭವಿಲ್ಲ.’ ಆಮೇಲೆ ಯೋಚಿಸಿ ಎರಡನೆಯ ವಾಕ್ಯ ಹೊಡೆದುಹಾಕಿದ. ಲಾಭವಿಲ್ಲದೆ ಏನು?

ಕೋರ್ಟಿನ ಅಂಗಳಕ್ಕೆ ಪೀಟರ್ ವ್ಯಾನು ತಂದಿದ್ದ. ಗೋವಾ ಎಲ್ಲಿಗೂ ಓಡಿಹೋಗುವುದಿಲ್ಲ, ನಾವು ಮತ್ತೆ ಝಾನ್ಸಿಗೇ ಹೋಗುತ್ತೇವೆ ಎಂದಳು ಹೆಲೆನ್. ಕೋರ್ಟು ಹಿಂತಿರುಗಿಸಿದ ಖಣ ಅವಳ ಹೆಗಲ ಮೇಲಿತ್ತು. ಪುಸ್ತಕದಿಂದ ದ್ಯಾವಪ್ಪನ ಫೋಟೊ ತಾನೇ ಬಿಡಿಸಿ ಪಾರ್ವತೆಮ್ಮನ ಕೈಗೆ ಕೊಟ್ಟಳು.

ಗ್ಯಾನಮ್ಮ ಬುಟ್ಟಿಯ ರೊಟ್ಟಿಯನ್ನೆಲ್ಲ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ವ್ಯಾನಿನ ಹಲಗೆಯ ಮೇಲಿಟ್ಟಳು. “ಕಡಕ್ ಅದಾವು, ತಿಂಗಳ ಇಟ್ರೂ ಕೆಡಂಗಿಲ್ಲ. ನನ್ನ ಮಗಗ ಕೊಡ್ರಿ. ನಿಮ್ಮವ್ವ ನಿನ್ನ ಹೆಸರಿಲೆ ಎಡಿ ಇಡಲಿಲ್ಲ, ಬುತ್ತಿ ಕಟ್ಯಾಳ, ತಿಂದು ಮನಿಗೆ ಬಾ ಅಂತ ಹೇಳ್ರಿ.”

ಅಂಬಪ್ಪ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ಅರ್ಧಕ್ಕೇ ನಿಂತ. ಪುಸ್ತಕ ಇಸಿದುಕೊಂಡು, ಫೋಟೊ ಬಿಡಿಸಿದ ಖಾಲಿ ಜಾಗದಲ್ಲಿ ಮುದುಕಿಯ ಮಾತನ್ನು ಆಡಿದ ಹಾಗೆಯೇ ಬರೆದು, ಕೆಳಗೆ ತಾರೀಖು ಹಾಕಿದ. ದ್ಯಾವಪ್ಪ ಮೂರನೆಯ ಇಯತ್ತೆವರೆಗೆ ಕಲಿತಿದ್ದನಂತೆ, ಕನ್ನಡ ಓದಲು ಬರುತ್ತಿತ್ತು.