ಲೊಚ್ಚಮ್ಮನ ಮೌನ

ಬಹಳ ಹಿಂದೆ, ಹುತ್ತಗಳಿಗೂ ಬಾಗಿಲಿದ್ದ ಕಾಲದಲ್ಲಿ, ನನ್ನಿಪುರ ಎಂಬ ರಾಜ್ಯವಿತ್ತು. ಅದರ ರಾಜ ಬಲ್ಲರಸ ಒಳ್ಳೆಯವನೇ, ಆದರೆ ತನ್ನ ಬುದ್ಧಿಯನ್ನೆಲ್ಲ ಒಂದು ಹಲ್ಲಿಯ ಬಾಯಲ್ಲಿ ಇಟ್ಟು ನಿಶ್ಚಿಂತನಾಗಿದ್ದ.

ಆ ಹೊನ್ನಿನ ಬಣ್ಣದ ಹಲ್ಲಿ ಆಸ್ಥಾನದ ಕಂಬದ ಮೇಲಿತ್ತು. ಹೆಸರು ಲೊಚ್ಚಮ್ಮ. ಯಾರಾದರೂ ನಿಜ ಹೇಳಿದರೆ ಅದು ಲೊಚಗುಟ್ಟುತ್ತಿತ್ತು. ಆಗ ಸಭೆಯೆಲ್ಲ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿತ್ತು. ಸುಳ್ಳು ಹೇಳಿದರೆ ಬಾಲ ಬಡಿಯುತ್ತಿತ್ತು. ಅದನ್ನು ಸಾಕುತ್ತಿದ್ದವಳು ಅಕ್ಕಸಾಲಿಗರ ಮಗಳು ಹೊನ್ನಾಜಿ. ಪ್ರತಿ ಹುಣ್ಣಿಮೆಗೆ ಅಪ್ಪನ ತಕ್ಕಡಿಯಲ್ಲಿ ಲೊಚ್ಚಮ್ಮನನ್ನು ತೂಗುತ್ತಿದ್ದಳು. ಎಂಬತ್ತು ಗುಲಗಂಜಿ ತೂಕ, ಒಂದೂ ಕಡಿಮೆಯಿಲ್ಲ.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ದೊಡ್ಡ ರುಮಾಲು ಸುತ್ತಿಕೊಂಡು ಬಂದು ಆ ಕಂಬದ ಪಕ್ಕದಲ್ಲೇ ಕೂತ. ಶಕುನ ಹೇಳುವುದೇ ಅವನ ಕಸುಬು. ಅಂದಿನಿಂದ ಲೊಚ್ಚಮ್ಮ ಸುಮ್ಮನಾಯಿತು.

ಮೊದಲ ದಿನ ಅದು ಹುಳ ಮುಟ್ಟಲಿಲ್ಲ. "ಪೊರೆ ಬಿಡುವ ಕಾಲವಿರಬೇಕು" ಎಂದುಕೊಂಡಳು ಹೊನ್ನಾಜಿ. ಎರಡನೆಯ ದಿನವೂ ಮುಟ್ಟಲಿಲ್ಲ. "ಲೊಚ್ಚಮ್ಮ ಮುನಿದಿದ್ದಾಳೆ" ಎಂದರು ಪುರೋಹಿತರು. ಹೊನ್ನಾಜಿಯೂ ನಂಬಿದಳು. ಮೂರು ದಿನ ದೀಪ ಹಚ್ಚಿದಳು, ಹರಕೆ ಹೊತ್ತಳು, ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡಳು. ಎಲ್ಲರೂ ಹಲ್ಲಿಗೆ ಕೈ ಮುಗಿದರು, ಹಲ್ಲಿಯನ್ನು ಮಾತ್ರ ಯಾರೂ ನೋಡಲಿಲ್ಲ.

ಐದನೆಯ ದಿನ ಧೂಮಾಕ್ಷ ಎದ್ದು ನಿಂತ. "ಈ ಸಿಂಹಾಸನ ನನ್ನದು. ಸುಳ್ಳಾದರೆ ಲೊಚ್ಚಮ್ಮ ಬಾಲ ಬಡಿಯಲಿ!"

ಬಾಲ ಅಲುಗಲಿಲ್ಲ.

"ನೋಡಿದಿರಾ? ಮೌನಂ ಸಮ್ಮತಿಲಕ್ಷಣಂ!" ಎಂದು ನಕ್ಕ.

ರಾಜನ ಮುಖ ಬಿಳಿಚಿತು. "ನಾಡಿದ್ದು ಮಧ್ಯಾಹ್ನದವರೆಗೆ ಕಾಯೋಣ. ಆಗಲೂ ಸುಮ್ಮನಿದ್ದರೆ ಕಿರೀಟ ನಿಮ್ಮದು" ಎಂದ.

ಹೊನ್ನಾಜಿ ಅವಸರವಾಗಿ ತಕ್ಕಡಿ ತಂದಳು. ಎಪ್ಪತ್ತೊಂದು ಗುಲಗಂಜಿ! ಬಾಲದ ಬುಡ ಬತ್ತಿತ್ತು, ಕಣ್ಣು ಒಳಗಿಳಿದಿತ್ತು, ಹೊಟ್ಟೆ ತಣ್ಣಗಿತ್ತು. ಅವಳಿಗೆ ಅಳು ಬಂತು. ಒಂದು ದಿನದ ದಾರಿಯಲ್ಲಿ ಹುತ್ತದ ಬೋರೆಯೆಂಬ ಗುಡ್ಡವಿತ್ತು, ಅಲ್ಲಿ ಹರಿದಾಡುವ ಜೀವಗಳ ವೈದ್ಯನಿದ್ದ. ಒಯ್ದರೆ ದಾರಿಯ ಗಾಳಿಗೆ ಸತ್ತೀತು, ಬಿಟ್ಟರೆ ಕಂಬದ ಮೇಲೆಯೇ ಸತ್ತೀತು. ಸುಮಾರು ಹೊತ್ತು ಯೋಚಿಸಿದಳು. "ಸಿಂಹಾಸನ ಯಾರದಾದರೂ ಆಗಲಿ, ಇದು ಉಳಿಯಲಿ" ಎಂದು ಸೋರೆಬುರುಡೆಯಲ್ಲಿ ಅರಳೆ ಹಾಸಿ, ಹಲ್ಲಿಯನ್ನು ಮಲಗಿಸಿ, ಸೆರಗಿನೊಳಗೆ ಕಟ್ಟಿಕೊಂಡು ಹೊರಟಳು.

ವೈದ್ಯ ಎತ್ತಿನಷ್ಟು ದೊಡ್ಡ ಉಡ. ಎಲ್ಲರೂ ಉಡಜ್ಜ ಎನ್ನುತ್ತಿದ್ದರು. ಹೊನ್ನಾಜಿಯನ್ನು ಕಂಡದ್ದೇ ಗದರಿತು: "ಶಕುನ ಕೇಳೋಕೆ ಬಂದಿದ್ರೆ ಹಂಗೇ ವಾಪಸ್ ನಡಿ."

"ಇಲ್ಲ ಅಜ್ಜ, ಇದಕ್ಕೆ ಹುಷಾರಿಲ್ಲ."

"ಪೊರೆ ಬಿಡ್ತಾ ಇದೆಯಾ?"

"ಇಲ್ಲ. ಬೆರಳ ಸಂದೀಲೂ ನೋಡಿದೆ."

"ತೂಕ?"

"ಒಂಬತ್ತು ಗುಲಗಂಜಿ ಇಳಿದಿದೆ."

"ಅಂಗಾತ ಮಲಗಿಸಿದ್ರೆ ಹೊರಳ್ತದಾ?"

"ಹೊರಳ್ತದೆ, ಆದರೆ ಬಹಳ ನಿಧಾನ."

ಉಡಜ್ಜನ ಮುಖ ಮೆತ್ತಗಾಯಿತು. ಹಲ್ಲಿಯನ್ನು ಮೂಸಿ ನೋಡಿತು. "ಇದು ರೋಗ ಅಲ್ಲ ಕಣವ್ವ, ಚಳಿ. ನಮ್ಮ ಜಾತಿಗೆ ಮೈಯೊಳಗೆ ಒಲೆ ಇಲ್ಲ. ಬಿಸಿಲೇ ಒಲೆ. ಒಲೆ ಆರಿದ ಮೇಲೆ ಉಂಡದ್ದು ಬೇಯ್ತದಾ? ಇದರ ಬಿಸಿಲು ಎಲ್ಲಿಗೆ ಹೋಯ್ತು?"

ಹೊನ್ನಾಜಿಗೆ ಥಟ್ಟನೆ ಹೊಳೆಯಿತು. ಬೆಳಕಿಂಡಿಯಿಂದ ಕಂಬಕ್ಕೆ ಬೀಳುತ್ತಿದ್ದ ಬಿಸಿಲಕೋಲು, ಮಾಂತ್ರಿಕ ಬಂದಾಗಿನಿಂದ ಬಿದ್ದೇ ಇಲ್ಲ! ಹಾಗೆಂದು ಅಜ್ಜನಿಗೆ ಹೇಳಿದಳು.

"ಬಿಸಿಲುಗಳ್ಳ" ಎಂದಿತು ಉಡಜ್ಜ. "ಎಲ್ಲೋ ಸುತ್ತಿಟ್ಟುಕೊಂಡಿರ್ತಾನೆ. ಎಲ್ಲಿ ಅಂತ ಇದಕ್ಕೇ ಗೊತ್ತಾಗ್ತದೆ, ಅವನ ಹತ್ತಿರ ಬಿಟ್ಟು ನೋಡು."

"ಮುನಿದಿದ್ದಾಳೆ ಅಂತ ಮೂರು ದಿನ ದೀಪ ಹಚ್ಚಿ ಕೂತೆ. ನಾನು ತಡಮಾಡಿದೆನಾ ಅಜ್ಜ?"

"ಒಂದು ಹೊತ್ತು ಉಣ್ಣದಿದ್ರೆ ಓಡಿ ಬರಬೇಡ. ಉಣ್ಣದೆ ಬಾಲವೂ ಬತ್ತಿದ್ರೆ ನಿಲ್ಲಬೇಡ. ಕೈ ಮುಗಿದು ಕೂತ್ಯಲ್ಲ ಮೂರು ದಿನ, ಅಷ್ಟು ತಡ." ಹಲ್ಲಿಯ ಬಾಯಿಗೆ ಎರಡು ಹನಿ ನೀರು ಬಿಟ್ಟು, ಬಿಸಿಲು ಕುಡಿದ ಬಂಡೆಯ ಮೇಲೆ ಒಂದಿಷ್ಟು ಹೊತ್ತು ಮಲಗಿಸಿ ಅವಳನ್ನು ಬೀಳ್ಕೊಟ್ಟಿತು.

ರಾಜ ಹೇಳಿದ್ದ ದಿನ ಮಧ್ಯಾಹ್ನ ಅವಳು ಆಸ್ಥಾನಕ್ಕೆ ಕಾಲಿಟ್ಟಾಗ ರಾಜ ಕಿರೀಟ ತೆಗೆದು ಕೈಯಲ್ಲಿ ಹಿಡಿದಿದ್ದ.

"ಹಲ್ಲಿ ಇನ್ನೂ ಮೌನ! ಮೌನಂ ಸಮ್ಮತಿ..." ಎಂದು ಧೂಮಾಕ್ಷ ಬಾಯಿ ತೆರೆದ.

"ಅದು ಸಮ್ಮತಿಯಲ್ಲ, ಕಾಯಿಲೆ!" ಎಂದು ಹೊನ್ನಾಜಿ ಅವನೆದುರಿಗೇ ಬುರುಡೆಯ ಮುಚ್ಚಳ ತೆಗೆದಳು.

ಲೊಚ್ಚಮ್ಮ ತಲೆಯೆತ್ತಿತು. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಹಾರಿ ಧೂಮಾಕ್ಷನ ರುಮಾಲಿನ ಮೇಲೆ ಬಿತ್ತು. "ಅಯ್ಯೋ, ತಲೆಯ ಮೇಲೆ ಹಲ್ಲಿ!" ಎಂದು ಸಭೆ ಕೂಗಿತು. ತಲೆಯ ಮೇಲೆ ಹಲ್ಲಿ ಬಿದ್ದರೆ ಸಾವೆಂದು ಊರೂರಿಗೆ ಹೇಳಿಕೊಂಡು ಬಂದವನು ಅವನೇ! ಹೆದರಿ ನಡುಗುತ್ತ ರುಮಾಲು ಕಿತ್ತೆಸೆದ. ಸುರುಳಿ ಬಿಚ್ಚಿಕೊಂಡಿತು. ಒಳಗಿದ್ದ ಬಿಸಿಲಕೋಲು ಸರ್ರನೆ ಎದ್ದು ಬೆಳಕಿಂಡಿಗೂ ಕಂಬಕ್ಕೂ ನಡುವೆ ನಿಂತಿತು. ಧೂಮಾಕ್ಷನ ಬಲವೆಲ್ಲ ಅದರದೇ. ಅವನು ಒಂದು ಹಿಡಿ ಹೊಗೆಯಾಗಿ ಮೇಲಕ್ಕೆ ಹೋಗಿಬಿಟ್ಟ.

ಹೊನ್ನಾಜಿ ಹಲ್ಲಿಯನ್ನೆತ್ತಿ ಬಿಸಿಲಲ್ಲಿ ಬಿಟ್ಟಳು. ರಾಜ ಆತುರದಿಂದ ಹತ್ತಿರ ಬಂದ. "ಲೊಚ್ಚಮ್ಮ, ಇನ್ನು ನನ್ನ ರಾಜ್ಯಕ್ಕೆ..."

"ಈಗ ಏನೂ ಕೇಳಬೇಡಿ ಬುದ್ಧಿ. ಮೊದಲು ಅದು ಉಣ್ಣಲಿ."

ರಾಜ ಕಂಬದ ಬುಡದಲ್ಲಿ ಕೂತು, ಮೊದಲ ಸಲ, ಏನನ್ನೂ ಕೇಳದೆ ಹಲ್ಲಿಯನ್ನು ನೋಡಿದ. ಇಳಿಹೊತ್ತಿಗೆ ಅದು ಒಂದು ಚಿಟ್ಟೆಹುಳವನ್ನು ಗಬಕ್ಕನೆ ನುಂಗಿತು. ಹೊನ್ನಾಜಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ನನ್ನಿಪುರದಲ್ಲಿ ರಾಜನೂ ಪ್ರಜೆಗಳೂ ಹಲ್ಲಿಯೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಆ ಊರಿನಲ್ಲಿ ಯಾರಾದರೂ ಮಾತಿಲ್ಲದೆ ಕೂತರೆ ಒಪ್ಪಿದರೆಂದು ಯಾರೂ ತಿಳಿಯುತ್ತಿರಲಿಲ್ಲ. ಹತ್ತಿರ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದರು.