ಅನಂತರಾಜುವಿನ ಎಂಜಲು

"ನಮ್ಮ ಯಜಮಾನ್ರು ಕಚ್ಚಿ ಕೊಟ್ಟಿದ್ದು ಏನೂ ತಿನ್ಬ್ಯಾಡಿ ಸಾ," ಎಂದು ದಿವ್ಯ ಪಿಸುಗುಟ್ಟಿದಳು. ಕಾಫಿ ಲೋಟ ಅವನ ಮುಂದಿಟ್ಟು ಬಾಗಿಲ ಕಡೆ ನೋಡಿದಳು. "ಮಾಟ ಐತೆ."

ಶಿವಕಿರಣ್ ನಕ್ಕುಬಿಟ್ಟ. ಬಿಡದಿಯಲ್ಲಿ ದಿನಕ್ಕೊಂದು ಕಾರ್ಖಾನೆಯ ಗೋಡೆ ಏಳುತ್ತಿದ್ದ ಕಾಲ. ಮೈಸೂರಿನಿಂದ ವರ್ಗವಾಗಿ ಅಲ್ಲಿನ ಬ್ಯಾಂಕಿಗೆ ಮ್ಯಾನೇಜರ್ ಆಗಿ ಬಂದವನಿಗೆ ದಿವ್ಯಳ ಗಂಡ, ಜಿಲ್ಲಾ ಪಂಚಾಯಿತಿ ಸದಸ್ಯ ಅನಂತರಾಜು, ಆಗಲೇ ಪ್ರಾಣಸ್ನೇಹಿತನಾಗಿದ್ದ. ಪ್ರತಿ ಭಾನುವಾರ ತಿಪ್ಪಸಂದ್ರದ ಬಳಿಯ ಅವನ ತೋಟದ ಮನೆಯಲ್ಲೇ ಊಟ. ದಿವ್ಯ ಹೇಳಿದ್ದನ್ನು ಶಿವಕಿರಣ್ ತಮಾಷೆಯೆಂದು ಅನಂತರಾಜುವಿಗೇ ಹೇಳಿಬಿಟ್ಟ.

ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಡಾ ಅರ್ಧ ಕಚ್ಚಿ ಉಳಿದರ್ಧ ಚಾಚಿದ. "ಇನ್ಮ್ಯಾಕೆ ನೀನು ನನ್ನ ತಮ್ಮ ಕಣ್ಲಾ. ತಗೋ."

ಶಿವಕಿರಣ್ ಬಾಯಿ ತೆರೆದ. ಸುಣ್ಣದ ಘಾಟಿನ ಅಡಿಯಲ್ಲಿ ಹೊಸದಾಗಿ ತೋಡಿದ ಗುಂಡಿಯ ಹಸಿಮಣ್ಣಿನ ವಾಸನೆ. ನುಂಗಿದ.

ಮುಂದಿನ ಭಾನುವಾರ ದಿವ್ಯ ಕಾಣಲಿಲ್ಲ. ಸಾತನೂರಿನ ತವರಿಗೆ ಕಳಿಸಿದೆ ಎಂದ ಅನಂತರಾಜು. ಅಲ್ಲಿಯವರೆಗೆ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ ಅವನು ಅಂದು ನೆಟ್ಟಗೆ ನಡೆದು ಬಂದು ಗೆಳೆಯನನ್ನು ತಬ್ಬಿಕೊಂಡ.

ಶಿವಕಿರಣನಿಗೆ ಮೊದಲು ಹೋದದ್ದು ನಾಲಗೆಯ ರುಚಿ. ಹಸಿಮೆಣಸಿನಕಾಯಿ ಅಗಿದರೂ ಸಪ್ಪೆ. ಆಮೇಲೆ ಬೆರಳು. ಪೆನ್ನು ಕೈಯಲ್ಲಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕಿತ್ತು. ಆ ಬೆರಳುಗಳಿಂದಲೇ ಅನಂತರಾಜು ಹೇಳಿದ ಹೆಸರುಗಳಿಗೆಲ್ಲ ಸಾಲ ಮಂಜೂರು ಮಾಡಿದ. ಅವರಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ. ಭಯವಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೂ ಏನೋ ಮರಗಟ್ಟುತ್ತಿತ್ತು.

ಹಗರಣ ಬಯಲಾದ ದಿನ ಬ್ಯಾಂಕಿನ ಮುಂದೆ ಕ್ಯಾಮೆರಾಗಳು. ಒಂದೇ ಹಾರದೊಳಗೆ ಕೊರಳು ತೂರಿಸಿ ನಿಂತ ಇಬ್ಬರ ಫೋಟೊ ಟಿವಿಯ ತುಂಬ.

"ನೂರಾರು ಜನ ಬಂದು ಹಾರ ಹಾಕ್ತಾರೆ. ಆವಯ್ಯ ಯಾರೋ ನಂಗೊತ್ತಿಲ್ಲ," ಎಂದ ಅನಂತರಾಜು.

ಶಿವಕಿರಣನ ಕೆಲಸ ಹೋಯಿತು. ಪೊಲೀಸರು ಬಂದು ಹೋದರು. ಗೆಳೆಯ ಕೈಬಿಟ್ಟದ್ದಕ್ಕೆ ಅಳು ಕೂಡ ಬರಲಿಲ್ಲ. ಆಗ ದಿವ್ಯಳ ಮಾತು ನೆನಪಾಗಿ ಶಿವಕಿರಣ್ ಸಾತನೂರಿನ ಬಸ್ಸು ಹತ್ತಿದ.

ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ದಿವ್ಯ ಅವನನ್ನು ಕಂಡು ಹಿಂದೆ ಸರಿದಳು.

"ಚಿಕ್ಕಲಕ್ಷ್ಮಮ್ಮ ಅಂತ ಒಬ್ಬಳಿದ್ಲು," ಎಂದಳು. "ಮೋಸದಲ್ಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಅವಳ ಹೊಲ ಮಾರ್ಬುಟ್ರು ನಮ್ಮೋರು. ನಮ್ಮ ಬಾಗ್ಲಿಗೆ ಮಣ್ಣು ತೂರಿ, ಜೀವ ಇದ್ದಂಗೇ ಬಂಡೆ ಆಗೋಗು ಅಂದ್ಲು. ಇವರ ಕಾಲು ಸತ್ತೋಯ್ತಾ ಬಂತು. ಮಾಟಗಾರ ಬಂದು, ಎಂಜಲು ತಿನ್ಸಿ ದಾಟಿಸ್ಬುಡು ಅಂದ."

"ತೆಗೆಯೋದು ಹೇಗೆ?"

"ತೆಗಿಯಾಕಾಗಲ್ಲ ಸಾ. ದಾಟಿಸ್ಬೋದು ಅಷ್ಟೇಯ. ನಂಬಿ ತಿನ್ನೋರು ಬೇಕು."

ಅವನು ಮನೆಗೆ ಬಂದಾಗ ಮುಸ್ಸಂಜೆ. ಹೆಂಡತಿ ಸ್ಪಂದನಾ ಕೈಕಾಲಿಗೆ ನೀರು ಕೊಟ್ಟಳು. ತುತ್ತು ಹಿಡಿಯಲಾಗದ ಗಂಡನಿಗೆ ಮೊಸರನ್ನ ಕಲಸಿ ಉಣ್ಣಿಸಿದಳು. ಕೊನೆಯ ತುತ್ತನ್ನು ಅರ್ಧ ಕಚ್ಚಿ ಸಾಕೆಂದ. ಉಳಿದ ತುತ್ತನ್ನು, ಚೆಲ್ಲಲು ಮನಸ್ಸಾಗದೆ, ಅವಳು ತನ್ನ ಬಾಯಿಯ ಹತ್ತಿರ ತಂದಳು.

ಬೇಡ ಎನ್ನಬೇಕಿತ್ತು. ತುಟಿ ತೆರೆದ. ಮಾತು ಹೊರಡಲಿಲ್ಲ. ಹೊರಡಲಿಲ್ಲವೋ, ತಾನೇ ತಡೆದನೋ. ಅವಳು ನುಂಗಿದಳು.

ಬೆಳಿಗ್ಗೆ ಅವನಿಗೆ ಕಂಬಳಿ ಚುಚ್ಚಿ ಎಚ್ಚರವಾಯಿತು. ಚುಚ್ಚುತ್ತಿತ್ತು! ಪಾದಕ್ಕೆ ನೆಲ ತಣ್ಣಗೆ ತಾಕಿತು. ಕಣ್ಣಲ್ಲಿ ನೀರು ಬಂತು. ಬಿಸಿ ನೀರು. ಅಷ್ಟರಲ್ಲಿ ಅಡುಗೆಮನೆಯಿಂದ ವಾಸನೆ. ಮಾಂಸ ಸುಡುವ ವಾಸನೆ. ಓಡಿದ.

ಸ್ಪಂದನಾ ಒಲೆಯ ಮುಂದೆ ನಿಂತಿದ್ದಳು. ಎಡಗೈ ಉರಿಯ ಮೇಲಿತ್ತು. ಬೆರಳುಗಳು ಕಪ್ಪಾಗಿದ್ದವು. ಅವಳ ಕಣ್ಣು ಪಕ್ಕದ ಹಾಲಿನ ಪಾತ್ರೆಯ ಮೇಲಿತ್ತು.

"ಹಾಲು ಇನ್ನೂ ಉಕ್ಕಿಲ್ಲ ರೀ," ಎಂದಳು. "ಆದ್ರೂ ಏನೋ ಸೀದ ವಾಸನೆ."