ಇಪ್ಪತ್ತು ಇಂಚಿನ ಎರಡು ಜೋಡಿ ಟೈರು

ಅಫಜಲಪುರದ ಸೈಕಲ್ ಅಂಗಡಿಯ ಗುರಣ್ಣ ತನ್ನ ಸೈಕಲ್ಲನ್ನು ಗೇಲಿ ಮಾಡಿ ನಗುತ್ತಿದ್ದಾನೆಂದೇ ಹೀರಾಬಾಯಿ ಮೊದಲ ದಿನ ತಿಳಿದಳು. ಅದು ಎಂಬತ್ತಾರನೆಯ ಇಸವಿ. ನಡುವೆ ಮಡಚಲು ಬರುವ, ಪುಟ್ಟ ಗಾಲಿಗಳ ಆ ಪರದೇಶದ ಸೈಕಲ್ಲನ್ನು ಮುಂಬಯಿಯ ಬಂದರಿನಲ್ಲಿ ಕೆಲಸಕ್ಕಿದ್ದ ಅಣ್ಣ ಕೊಡಿಸಿದ್ದ. ಅತನೂರಿನಲ್ಲಿ ನರ್ಸ್ ಆಗಿದ್ದ ಅವಳು ಅದನ್ನು ಮಡಚಿ ಬಸ್ಸಿನಲ್ಲಿ ತಂದಿದ್ದಳು. ಎರಡೂ ಟೈರು ಸವೆದು ನೂಲು ಕಾಣುತ್ತಿತ್ತು.

“ಇದರಾಗ ನಗೋದೇನದರಿ?” ಎಂದು ಕೇಳಿದಳು.

ಅವನು ಸೈಕಲ್ಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹದಿನೈದು ವರ್ಷ ರಿಪೇರಿ ಮಾಡಿದರೂ ಇಂಥ ಜಾಣ ಕೆಲಸ ಕಂಡಿರಲಿಲ್ಲವೆಂದ. ಆ ನಗೆ ಖುಷಿಯದೆಂದು ಅವಳಿಗೆ ಆಗ ಗೊತ್ತಾಯಿತು. ಸಿಟ್ಟಾದದ್ದಕ್ಕೆ ನಾಚಿ ಸೆರಗು ಸರಿಮಾಡಿಕೊಂಡಳು. ಅವನು ಅದನ್ನು ನೋಡಿದ. ನೋಡದವನಂತೆ ಚೈನಿಗೆ ಎಣ್ಣೆ ಬಿಟ್ಟ.

ಟೈರು ಸುಲಭಕ್ಕೆ ಸಿಗಲಿಲ್ಲ. ಗುಲಬರ್ಗಾದಿಂದ ತರಿಸಿದ ಮಕ್ಕಳ ಸೈಕಲ್ಲಿನ ಟೈರಿನ ಮೇಲೂ ಇಪ್ಪತ್ತು ಇಂಚು ಎಂದೇ ಇತ್ತು, ಆದರೆ ಒಳಗಿನ ಅಳತೆ ಬೇರೆಯಿದ್ದು ಅದು ಈ ರಿಮ್ಮಿನ ಮೇಲೆ ಏರಲೇ ಇಲ್ಲ. ಸೈಕಲ್ಲನ್ನು ಅಂಗಡಿಯಲ್ಲೇ ಬಿಟ್ಟಿದ್ದ ಹೀರಾಬಾಯಿ ವಾರವಾರವೂ ವಿಚಾರಿಸಲು ಬಂದಳು. ನಾಲ್ಕನೆಯ ವಾರ ಟೈರಿನ ಮಾತು ಮುಗಿದ ಮೇಲೂ ಕೂತಳು.

ಕೊನೆಗೆ ಗುರಣ್ಣ ಗಾಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಹೋಗಿ ಎರಡು ಜೋಡಿ ತಂದ. ಒಂದು ತೆಳ್ಳಗಿನದು, ಡಾಂಬರು ರಸ್ತೆಗೆ ಹಗುರ. ಇನ್ನೊಂದು ದಪ್ಪ, ಅತನೂರಿನ ಎರೆಮಣ್ಣಿಗೂ ಜಾಲಿಮುಳ್ಳಿಗೂ ತಡೆಯುವಂಥದ್ದು. ಅವಳು ದಪ್ಪದ್ದನ್ನೇ ಆರಿಸುವಳೆಂದು ಅವನು ನಂಬಿದ್ದ.

ಅವಳು ಎರಡನ್ನೂ ಒತ್ತಿ ನೋಡಿದಳು. ಜೇವರ್ಗಿಗೆ ವರ್ಗವಾಗಿದೆ, ಅಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ತಾನೇ ಕೇಳಿ ಪಡೆದದ್ದು ಎಂದಳು. ಅಲ್ಲಿ ಮನೆಯಿಂದ ಆಸ್ಪತ್ರೆಯವರೆಗೂ ಡಾಂಬರು ರಸ್ತೆ. ಯಾವುದು ಹಾಕಿಸಲಿ ಎಂದು ಕೇಳಿದಳು.

ದಪ್ಪದ್ದು ಬಾಳಿಕೆ ಬರುತ್ತದೆಂದು ಹೇಳಿಬಿಡಬಹುದಿತ್ತು. ಡಾಂಬರಿಗೆ ಅದು ಭಾರವೆಂದು ಗೊತ್ತಿದ್ದೂ ಹಾಗೆನ್ನಲು ಗುರಣ್ಣನಿಗೆ ಆಗಲಿಲ್ಲ.

“ಟೈರಿನ ಮಾತು ಕೇಳಿದ್ರ ತೆಳ್ಳಂದು ಹಾಕ್ಸ್ರಿ,” ಎಂದ. “ನನ್ನ ಮಾತು ಕೇಳಿದ್ರ, ಹೋಗಬ್ಯಾಡ್ರಿ.”

ಹೀರಾಬಾಯಿ ಟೈರಿನ ಮೇಲಿಂದ ಕೈ ತೆಗೆಯಲಿಲ್ಲ. “ಅವ್ವನ ಬಿಟ್ಟು ಇರಲಾಕ ಆಗಂಗಿಲ್ರಿ.” ಅವನನ್ನು ನೇರವಾಗಿ ನೋಡಿದಳು. “ಜೇವರ್ಗ್ಯಾಗೂ ಸೈಕಲ್ ಪಂಚರ್ ಆಗ್ತಾವ್ರಿ.”

ಅವನು ತೆಳ್ಳಗಿನ ಜೋಡಿ ಹಾಕಿದ. ಗಾಳಿ ಹೊಡೆದು, ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೊಮ್ಮೆ ಒತ್ತಿ ನೋಡಿದ. ಅವಳು ಹೋದಳು.

ಯುಗಾದಿ ಕಳೆದ ಮೇಲೆ ಗುರಣ್ಣ ಅಂಗಡಿಯನ್ನು ತಮ್ಮ ನಾಗಣ್ಣನಿಗೆ ಬಿಟ್ಟುಕೊಟ್ಟ. ಹೆಣ್ಣಿನ ಊರಿಗೆ ಹೋಗಿ ಅಂಗಡಿ ಹಾಕುವ ಗಂಡಸೆಂದು ಜನ ಆಡಿಕೊಂಡರು. ಅವನು ರಿಪೇರಿ ಸಾಮಾನಿನ ಪೆಟ್ಟಿಗೆ ಹಿಡಿದು ಜೇವರ್ಗಿಯಲ್ಲಿ ಬಸ್ಸಿಳಿದ, ಮನೆ ಕೇಳಿಕೊಂಡು ಹೋಗಿ ಬಾಗಿಲು ಬಡಿದ.

ಹೀರಾಬಾಯಿ ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು. ಒಳಗಿನಿಂದ ತಾಯಿ ಯಾರೆಂದು ಕೇಳಿದಳು.

“ಅಫಜಲಪುರದ ಗುರಣ್ಣನವ್ರು, ಅವ್ವಾ,” ಎಂದಳು ಹೀರಾಬಾಯಿ, ಪೆಟ್ಟಿಗೆಗೆ ಕೈ ಚಾಚುತ್ತ. “ಇಲ್ಲೇ ಇರಲಾಕ ಬಂದಾರ.”